ತಡೆಗೆ ಗುದ್ದಿದ ರೇವಾ, ಐದು ಸ್ಟಾರಿನ ಪಂಚ್

ಬೆಂಗಳೂರಿನಲ್ಲಿ 2001ರಲ್ಲಿ ರಸ್ತೆಗಿಳಿದ ಎರಡು ಬಾಗಿಲಿನ ರೇವಾ ಕಾರನ್ನು ನಗರದ ಹಿರಿಯ ವಾಹನ ಚಾಲಕರು ಮರೆತಿರಲಾರರು. ಮೈನಿ ಸಮೂಹದ ಈ ಪುಟ್ಟ ವಿದ್ಯುತ್ ಕಾರು ಲಂಡನ್ನಿನಲ್ಲಿ 'ಜಿ-ವಿಜ್' ಎಂಬ ಹೆಸರಿನಿಂದ ಮಾರಾಟವಾಗಿ ತವರಿಗಿಂತ ಹೆಚ್ಚು ಹೆಸರು ಮಾಡಿತ್ತು. 2007ರಲ್ಲಿ ಬ್ರಿಟನ್ನಿನ ಟಾಪ್ ಗೇರ್ ಪತ್ರಿಕೆ ಅದನ್ನು ಗಂಟೆಗೆ 64 ಕಿ.ಮೀ. ವೇಗದಲ್ಲಿ ತಡೆಯೊಂದಕ್ಕೆ ಗುದ್ದಿಸಿ ಪರೀಕ್ಷೆ ಮಾಡಿಸಿತು. ಒಳಗಿದ್ದವರಿಗೆ ಪ್ರಾಣಾಪಾಯದ ಗಾಯಗಳಾಗಬಹುದೆಂಬ ಫಲಿತಾಂಶ ಬಂತು. ಬ್ರಿಟನ್ ಸಾರಿಗೆ ಇಲಾಖೆ ನಡೆಸಿದ ಪ್ರತ್ಯೇಕ ಪರೀಕ್ಷೆಯೂ ಆತಂಕವನ್ನೇ ವ್ಯಕ್ತಪಡಿಸಿತು.

ಹಾಗಾದರೆ ಕಂಪನಿ ನಿಯಮ ಮುರಿದಿತ್ತೇ? ಇಲ್ಲ. ಯುರೋಪಿನ ಕಾನೂನಿನ ದೃಷ್ಟಿಯಲ್ಲಿ ಅದು ಕಾರೇ ಆಗಿರಲಿಲ್ಲ, 'ಕ್ವಾಡ್ರಿಸೈಕಲ್' ಆಗಿತ್ತು. ಬ್ಯಾಟರಿ ಬಿಟ್ಟು 400 ಕಿಲೋ ಮೀರದ, 15 ಕಿಲೋವಾಟ್‌ಗಿಂತ ಹೆಚ್ಚಿನ ಶಕ್ತಿಯಿಲ್ಲದ ಇಂಥ ಪ್ರಯಾಣಿಕ ವಾಹನಗಳಿಗೆ ಡಿಕ್ಕಿ ಪರೀಕ್ಷೆ ಕಡ್ಡಾಯವಿರಲಿಲ್ಲ. ರೇವಾದ ಎಂಟು ಸೀಸದ ಬ್ಯಾಟರಿಗಳು ಮುಂದಿನ ಆಸನಗಳ ಕೆಳಗಿದ್ದವು. ಕಾನೂನಿನ ತಕ್ಕಡಿಯಲ್ಲಿ ಅವುಗಳ ಭಾರ ಲೆಕ್ಕಕ್ಕಿಲ್ಲ, ಡಿಕ್ಕಿಯಲ್ಲಿ ಮಾತ್ರ ಇದೆ!

ಮುಂದಿನ ಮಾದರಿಗಳಲ್ಲಿ ಚಾಸಿಸ್ ಬಲಪಡಿಸಲಾಯಿತು, ಮುಂದಿನ ಚಕ್ರಗಳಿಗೆ ಡಿಸ್ಕ್ ಬ್ರೇಕ್ ಬಂತು. ಆದರೂ 2010ರಲ್ಲಿ ಲಂಡನ್ನಿನಲ್ಲಿ ಜಿ-ವಿಜ್ ಓಡಿಸುತ್ತಿದ್ದ ಮಹಿಳೆಯೊಬ್ಬರು ಮತ್ತೊಂದು ಕಾರಿನೊಂದಿಗಿನ ಡಿಕ್ಕಿಯಲ್ಲಿ ಮೃತಪಟ್ಟರು. ಅದೇ ವರ್ಷ ಕಂಪನಿ ಮಹೀಂದ್ರಾ ಪಾಲಾಯಿತು.

ಡಿಕ್ಕಿಯಲ್ಲಿ ಜೀವ ಉಳಿಸುವುದು ತಗಡಿನ ದಪ್ಪವಷ್ಟೇ ಅಲ್ಲ. ಕಾರಿನ ಮೂತಿ ನಿಧಾನವಾಗಿ ಮಡಚಿಕೊಂಡು ಶಕ್ತಿಯನ್ನು ನುಂಗಬೇಕು, ಜನ ಕುಳಿತ ಗೂಡು ಮಾತ್ರ ಮಡಚಬಾರದು. ನಿಲ್ಲಲು ಸಿಗುವ ದೂರ ಕಡಿಮೆಯಾದಷ್ಟೂ ದೇಹದ ಮೇಲೆ ಬೀಳುವ ಬಲ ಹೆಚ್ಚು. ಮೂತಿಯೇ ಇಲ್ಲದಂತಿರುವ ಪುಟ್ಟ ಕಾರಿಗೆ ಇದೇ ದೊಡ್ಡ ಕಷ್ಟ.

ಆದರೆ ಅದು ಅಸಾಧ್ಯವೇನಲ್ಲ. 2023ರ ಅಕ್ಟೋಬರ್ 1ರಿಂದ ಜಾರಿಗೆ ಬಂದ ಭಾರತ್ ಎನ್‌ಕ್ಯಾಪ್ ಪರೀಕ್ಷೆಯಲ್ಲಿ ಟಾಟಾ ಪಂಚ್ ವಿದ್ಯುತ್ ಕಾರು 2024ರಲ್ಲಿ ವಯಸ್ಕರ ರಕ್ಷಣೆಗೆ 32ರಲ್ಲಿ 31.46, ಮಕ್ಕಳ ರಕ್ಷಣೆಗೆ 49ರಲ್ಲಿ 45 ಅಂಕ ಪಡೆದು ಐದು ಸ್ಟಾರ್ ಗಳಿಸಿತು. ಇಲ್ಲಿ ಕಾರಿನ ಮುಂಭಾಗದ ಶೇ. 40ರಷ್ಟು ಭಾಗ, ಅಲ್ಯೂಮಿನಿಯಂ ಜೇನುಗೂಡಿನಂಥ ತಡೆಗೆ 64 ಕಿ.ಮೀ. ವೇಗದಲ್ಲಿ ಬಡಿಯುತ್ತದೆ. ಬಳಿಕ 50 ಕಿ.ಮೀ. ವೇಗದ ಬಂಡಿಯೊಂದು ಪಕ್ಕದಿಂದ ಗುದ್ದುತ್ತದೆ. ಮೂರು ಸ್ಟಾರ್ ಅಥವಾ ಅದಕ್ಕೂ ಹೆಚ್ಚು ಬೇಕೆಂದರೆ 29 ಕಿ.ಮೀ. ವೇಗದಲ್ಲಿ ಕಂಬಕ್ಕೆ ಪಕ್ಕದಿಂದ ಬಡಿಯುವ ಪರೀಕ್ಷೆಯನ್ನೂ ಗೆಲ್ಲಬೇಕು. ಒಳಗಿರುವ ಗೊಂಬೆಗಳ ತಲೆ, ಕುತ್ತಿಗೆ, ಎದೆ, ಮೊಣಕಾಲುಗಳ ಮೇಲೆ ಬಿದ್ದ ಬಲವನ್ನು ಅಳೆದು ಅಂಕ ನೀಡಲಾಗುತ್ತದೆ.

ಈ ಸ್ಟಾರ್‌ಗಳನ್ನು ಓದುವಾಗ ಎಚ್ಚರ ಅಗತ್ಯ. ತಡೆಗೆ ಗುದ್ದುವ ಪರೀಕ್ಷೆ ಹೆಚ್ಚುಕಡಿಮೆ ಅಷ್ಟೇ ತೂಕದ ಇನ್ನೊಂದು ವಾಹನಕ್ಕೆ ಎದುರುಬದುರಾಗಿ ಬಡಿದದ್ದಕ್ಕೆ ಸಮ. ಎದುರಿನಿಂದ ಬಂದದ್ದು ಲಾರಿಯಾದರೆ ಪುಟ್ಟ ಕಾರಿನ ಐದು ಸ್ಟಾರ್ ಅಷ್ಟೇ ಭರವಸೆ ಕೊಡಲಾರದು. ಸ್ಟಾರ್ ಪಡೆಯುವುದು ತಯಾರಕರ ಇಚ್ಛೆಗೆ ಬಿಟ್ಟದ್ದು ಎಂಬುದೂ ಗಮನಾರ್ಹ. 2017ರಿಂದ ಹಂತಹಂತವಾಗಿ ಕಡ್ಡಾಯವಾದ 56 ಕಿ.ಮೀ. ವೇಗದ ಮುಂಬದಿ ಪರೀಕ್ಷೆ ಕನಿಷ್ಠ ಅರ್ಹತೆಯಷ್ಟೇ.

ಇನ್ನು ಕ್ವಾಡ್ರಿಸೈಕಲ್ ಎಂಬ ಪ್ರತ್ಯೇಕ ವರ್ಗ ಭಾರತದ ಕಾನೂನಿನಲ್ಲೂ ಇದೆ. ಭಾರತ್ ಎನ್‌ಕ್ಯಾಪ್ ಅಂಕ ನೀಡುವುದು 3.5 ಟನ್ನಿಗಿಂತ ಹೆಚ್ಚು ತೂಗದ ಕಾರುಗಳಿಗೆ ಮಾತ್ರ. ಪುಟ್ಟ ವಿದ್ಯುತ್ ವಾಹನ ಕೊಳ್ಳುವವರು ಸ್ಟಾರ್ ಎಷ್ಟು ಎಂದು ಕೇಳುವ ಮೊದಲು, ಅದು ನೋಂದಣಿಯಾಗುವುದು ಕಾರು ಎಂದೋ ಕ್ವಾಡ್ರಿಸೈಕಲ್ ಎಂದೋ ಎಂದು ಕೇಳಿ ತಿಳಿಯುವುದು ಒಳಿತು. ಮತ್ತೊಂದು ಮಾತು, ಆ ಗೊಂಬೆಗಳು ಅಂಕ ಗಳಿಸಿದ್ದು ಸೀಟ್ ಬೆಲ್ಟ್ ಹಾಕಿಕೊಂಡೇ.