ಶೇಕಡ ಐನೂರು ಬಡ್ಡಿ

1992ರ ಸೆಪ್ಟೆಂಬರ್ 16ರಂದು ಸ್ವೀಡನ್ನಿನ ಕೇಂದ್ರ ಬ್ಯಾಂಕು ಬಡ್ಡಿದರವನ್ನು ಶೇ 500ಕ್ಕೆ ಏರಿಸಿತು. ಐದಲ್ಲ, ಐವತ್ತಲ್ಲ, ಐನೂರು. ನಮ್ಮ ಲೆಕ್ಕಕ್ಕೆ ತಂದರೆ ಒಂದು ಲಕ್ಷ ಸಾಲಕ್ಕೆ ದಿನಕ್ಕೆ 1,370 ರೂಪಾಯಿ ಬಡ್ಡಿ. 73 ದಿನಕ್ಕೆ ಬಡ್ಡಿಯೇ ಅಸಲನ್ನು ಮುಟ್ಟುತ್ತದೆ. ಮೀಟರ್ ಬಡ್ಡಿಯ ಸಾಲಿಗೆ ಸೇರುವ ಈ ದರ ವಿಧಿಸಿದ್ದು 1668ರಲ್ಲಿ ಹುಟ್ಟಿದ, ಜಗತ್ತಿನ ಅತಿ ಹಳೆಯ ಕೇಂದ್ರ ಬ್ಯಾಂಕು!

ಸ್ವೀಡನ್ 1989ರಲ್ಲಿ ವಿದೇಶಿ ವಿನಿಮಯದ ನಿರ್ಬಂಧಗಳನ್ನು ತೆಗೆದುಹಾಕಿತ್ತು. ತನ್ನ ನಾಣ್ಯವಾದ ಕ್ರೋನಾದ ಬೆಲೆಯನ್ನು ಮಾತ್ರ ಗಟ್ಟಿಯಾಗಿ ಹಿಡಿದುಕೊಂಡಿತ್ತು. ಬೆಲೆ ನಿಲ್ಲದು ಎಂದು ಪೇಟೆಗೆ ಅನ್ನಿಸಿದ್ದೇ ತಡ, ಕ್ರೋನಾ ಸಾಲ ಮಾಡಿ, ಅದನ್ನು ಮಾರಿ, ಕುಸಿದ ಮೇಲೆ ಅಗ್ಗದಲ್ಲಿ ಕೊಂಡು ತೀರಿಸುವ ಆಟ ಶುರುವಾಯಿತು. ಅದನ್ನು ತಡೆಯಲೆಂದೇ ಆ ಬಡ್ಡಿ. ಆದರೆ ಒಂದು ವಾರದಲ್ಲಿ ಹತ್ತು ಪರ್ಸೆಂಟ್ ಕುಸಿದೀತೆಂದು ನಂಬಿದವನಿಗೆ ಶೇ 500ರ ಬಡ್ಡಿಯೂ ವಾರಕ್ಕೆ ಶೇ 9.6 ಅಷ್ಟೇ. ಅವನಿಗೆ ಆಗಲೂ ಲಾಭವೇ.

ನವೆಂಬರ್‌ನಲ್ಲಿ ಮತ್ತೊಂದು ಅಲೆ ಬಂತು. ಆರೇ ದಿನಗಳಲ್ಲಿ 15,800 ಕೋಟಿ ಕ್ರೋನಾ ಹೊರಗೆ ಹರಿಯಿತು. ಅದು ದೇಶದ ಇಡೀ ವರ್ಷದ ಉತ್ಪನ್ನದ ಸುಮಾರು ಶೇ 11. ಸ್ವೀಡನ್ನಿನಲ್ಲಿ ಆಗ ಇದ್ದವರು 87 ಲಕ್ಷ ಜನ. ಹಸುಗೂಸೂ ಸೇರಿ ತಲೆಗೆ 18,000 ಕ್ರೋನಾ. ನವೆಂಬರ್ 19ರಂದು ಕೇಂದ್ರ ಬ್ಯಾಂಕು ಕೈಚೆಲ್ಲಿತು, ಕ್ರೋನಾದ ಬೆಲೆಯನ್ನು ಪೇಟೆಗೇ ಬಿಟ್ಟಿತು.

ನನ್ನನ್ನು ಹೆಚ್ಚು ಕಾಡುವುದು ನಡುವೆ ನಡೆದದ್ದು. ಪೇಟೆಯ ನಂಬಿಕೆ ಗಳಿಸಲೆಂದು ಆಡಳಿತ ಪಕ್ಷಗಳೂ ವಿರೋಧ ಪಕ್ಷವೂ ಸೆಪ್ಟೆಂಬರ್‌ನಲ್ಲೇ ಒಟ್ಟಿಗೆ ಕೂತು ಖರ್ಚು ಕಡಿತಕ್ಕೆ ಒಪ್ಪಿದವು. ಕಾಯಿಲೆ ಬಿದ್ದ ಕಾರ್ಮಿಕನ ಭತ್ಯೆಗೂ ಕತ್ತರಿ ಬಿತ್ತು. ಚುನಾವಣೆಗಳು ವರ್ಷಗಟ್ಟಲೆ ಮುಟ್ಟದಿದ್ದುದನ್ನು ಪೇಟೆ ಕೆಲವೇ ದಿನಗಳಲ್ಲಿ ಮಾಡಿಸಿತು.

ಆಗ ಜಗತ್ತಿನ ವಿದೇಶಿ ವಿನಿಮಯ ವಹಿವಾಟು ದಿನಕ್ಕೆ ಸುಮಾರು 82,000 ಕೋಟಿ ಡಾಲರ್. 2022ರ ಏಪ್ರಿಲ್‌ನಲ್ಲಿ ಅದು 7.5 ಲಕ್ಷ ಕೋಟಿ, ಒಂಬತ್ತು ಪಟ್ಟು. ಜಗತ್ತು ವರ್ಷವಿಡೀ ಮಾಡುವ ಸರಕು-ಸೇವೆಗಳ ವ್ಯಾಪಾರದಷ್ಟು ಹಣ ಇಲ್ಲಿ ಐದು ದಿನದೊಳಗೆ ಕೈ ಬದಲಿಸುತ್ತದೆ. ಭಾರತದ ಆಗಿನ ವಿದೇಶಿ ವಿನಿಮಯ ಸಂಗ್ರಹ, ನಾವು ಹೆಮ್ಮೆಪಡುವ 60,000 ಕೋಟಿ ಡಾಲರ್, ಈ ಪೇಟೆಯ ಎರಡು ಗಂಟೆಯ ವಹಿವಾಟಿಗೂ ಸಾಲದು.

ಸ್ವೀಡನ್ ತೆರೆದ ಬಾಗಿಲ ಹತ್ತಿರ ನಾವೂ ಹೋಗಿದ್ದೆವು. ರೂಪಾಯಿಯನ್ನು ಬಂಡವಾಳದ ಲೆಕ್ಕದಲ್ಲೂ, ಅಂದರೆ ಹೂಡಿಕೆ-ಸಾಲಗಳ ಹಣಕ್ಕೂ, ಪೂರ್ತಿ ಮುಕ್ತಗೊಳಿಸಲು ರಿಸರ್ವ್ ಬ್ಯಾಂಕಿನ ತಾರಾಪೊರೆ ಸಮಿತಿ 1997ರ ಮೇ ಕೊನೆಗೆ ಮೂರು ವರ್ಷಗಳ ವೇಳಾಪಟ್ಟಿ ಕೊಟ್ಟಿತು. ಜುಲೈ 2ಕ್ಕೆ ಥಾಯ್ಲೆಂಡಿನ ನಾಣ್ಯ ಬಾಟ್ ಕುಸಿದು ಬಿತ್ತು. ಬಾಗಿಲು ಅಂದಿನಿಂದ ಇಂದಿನವರೆಗೂ ಅರ್ಧ ಮಾತ್ರ ತೆರೆದಿದೆ. ಹಾಗಿರುವುದೇ ಒಳ್ಳೆಯದು ಎಂದು ನಾನು ನಂಬಿದ್ದೇನೆ.