ಎಲ್ಲ ಕೆಮ್ಮೂ ಕ್ಷಯವಲ್ಲ

ನಾಸಿಕದ ಸಾತಪುರ, ಅಂಬಡ ಕಡೆಯ ಉಪಾಹಾರಗೃಹಗಳಲ್ಲಾಗಲಿ, ಛತ್ರಪತಿ ಸಂಭಾಜಿನಗರದ ವಾಳೂಜ ಕಡೆಯವುಗಳಲ್ಲಾಗಲಿ ಬೆಳಗಿನ ಹೊತ್ತು ಗಲ್ಲೆಯಲ್ಲಿ ಕುಳಿತವರಿಗೆ ಒಂದು ಬಗೆಯ ಕೆಮ್ಮು ಪರಿಚಿತವಾಗಿದ್ದೀತು. ರಾತ್ರಿಪಾಳಿ ಮುಗಿಸಿ ಎರಕದ ಕಾರ್ಖಾನೆಯಿಂದ ಬಂದ ಕೆಲಸಗಾರನು ಚಹವನ್ನು ಮುಂದಿಟ್ಟುಕೊಂಡು ಮೊದಲು ಕೆಮ್ಮುವನು. ಉಸಿರು ಹದಕ್ಕೆ ಬಂದ ಮೇಲೆ ಕುಡಿಯುವನು. ನೋಡಿದವರಲ್ಲಿ ಕೆಲವರು ಬೀಡಿಯ ಕೆಮ್ಮೆನ್ನುವರು. ಕೆಲವರು ಕ್ಷಯವೆಂದು ಹೆದರಿ ಅವನ ಲೋಟವನ್ನೇ ಬೇರೆ ಇಡುವರು. ಎರಡೂ ತಪ್ಪಾಗಿರಬಹುದು.

ಹೀಗೇಕೆ ಹೇಳುತ್ತೇವೆಂಬುದನ್ನು ಅರಿಯಲು ನಮ್ಮ ನಾಡಿನ ಕೋಲಾರ ಚಿನ್ನದ ಗಣಿಗಳ ಕಡೆಗೆ ತಿರುಗಬೇಕು. 1880ರಲ್ಲಿ ಜಾನ್ ಟೇಲರ್ ಕಂಪನಿಯವರು ಅಲ್ಲಿ ಕಾಲಿರಿಸಿದುದು, 1902ರಲ್ಲಿ ಶಿವನಸಮುದ್ರದಿಂದ ವಿದ್ಯುತ್ತು ಬಂದುದು, ಚಾಂಪಿಯನ್ ರೀಫ್ ಗಣಿಯು ಮೂರು ಕಿಲೋಮೀಟರಿಗೂ ಮಿಗಿಲಾದ ಆಳಕ್ಕೆ ಇಳಿದುದು, ಇವೆಲ್ಲ ನಮ್ಮಲ್ಲಿ ಅನೇಕರು ಹೆಮ್ಮೆಯಿಂದ ಹೇಳುವ ಸಂಗತಿಗಳು. ಧೂಳಿನ ಸಂಗತಿಯನ್ನು ಹೇಳುವವರು ಕಡಮೆ. ಅಲ್ಲಿಯ ಚಿನ್ನವು ಬೆಣಚುಕಲ್ಲಿನಲ್ಲಿ ಸಿಕ್ಕಿಕೊಂಡಿತ್ತು. ಆ ಕಲ್ಲನ್ನು ಕೊರೆಯುವಾಗ ಏಳುವ ಅತಿ ಸೂಕ್ಷ್ಮವಾದ ಪುಡಿಯು ಶ್ವಾಸಕೋಶದ ತುದಿಯ ಗಾಳಿಗೂಡುಗಳವರೆಗೂ ಹೋಗಿ ನಿಲ್ಲುವುದು. ಅದನ್ನು ನುಂಗಲು ಹೋದ ದೇಹದ ಕಣಗಳು ತಾವೇ ನಾಶವಾಗುವುವು. ಅಲ್ಲಲ್ಲಿ ಗಾಯದ ಕಲೆಯಂತಹ ಗಂಟುಗಳೆದ್ದು ಶ್ವಾಸಕೋಶವು ಗಡುಸಾಗುವುದು. ಇದೇ ಸಿಲಿಕೋಸಿಸ್. 1940ರಿಂದ 1946ರವರೆಗೆ ಆ ಗಣಿಗಳ 7,653 ಮಂದಿ ಕಾರ್ಮಿಕರನ್ನು ಪರೀಕ್ಷಿಸಿದಾಗ ನೂರಕ್ಕೆ 43ಕ್ಕೂ ಹೆಚ್ಚು ಜನರಲ್ಲಿ ಈ ರೋಗವು ಕಂಡುಬಂದಿತು. ಅವರಲ್ಲಿ ಬಹುಮಂದಿ ತಮಿಳರು. ಆದರೆ ಶ್ವಾಸಕೋಶಕ್ಕೆ ಭಾಷೆಯ ಭೇದವಿಲ್ಲ. 2001ರ ಫೆಬ್ರವರಿ 28ರಂದು ಗಣಿಗಳನ್ನು ಮುಚ್ಚಲಾಯಿತು. ರೋಗವು ಮಾತ್ರ, ಕೆಲಸ ಬಿಟ್ಟ ಮೇಲೂ ಬೆಳೆಯಬಲ್ಲ ರೋಗ.

ಕಲ್ಲಿದ್ದಲ ಗಣಿಯವರ ಪಾಡು ಇದರ ಒಡಹುಟ್ಟು. ನಾಸಿಕ ರೋಡಿಗೆ ಸಮೀಪವಿರುವ ಏಕಲಹರೆಯ ವಿದ್ಯುತ್ ಕೇಂದ್ರದಲ್ಲಿ ಉರಿಯುವ ಕಲ್ಲಿದ್ದಲನ್ನು ನಾವು ಬಲ್ಲೆವು, ಅದನ್ನು ಅಗೆದವರ ಎದೆಯನ್ನು ಅರಿಯೆವು. ಅಲ್ಲಿ ಕರಿಯ ಧೂಳೇ ವರ್ಷಗಟ್ಟಲೆ ಸಂಗ್ರಹವಾಗಿ ಶ್ವಾಸಕೋಶವನ್ನು ಕೆಡಿಸುವುದು.

ಚಿನ್ನವೂ ಕಲ್ಲಿದ್ದಲೂ ಇಲ್ಲದ ನಮ್ಮ ಊರುಗಳಿಗೆ ಇದರ ಸಂಬಂಧವೇನೆಂದು ವಾಚಕರು ಕೇಳಬಹುದು. ಎರಕದ ಅಚ್ಚುಗಳನ್ನು ಮಾಡುವುದು ಮರಳಿನಿಂದ. ಆ ಮರಳು ಬೆಣಚುಕಲ್ಲಿನ ಪುಡಿಯೇ. ಅಚ್ಚನ್ನು ಒಡೆದು ಎರಕವನ್ನು ಹೊರತೆಗೆಯುವಾಗ, ಅದನ್ನು ಉಜ್ಜಿ ಚೊಕ್ಕಟ ಮಾಡುವಾಗ, ಕೋಲಾರದ ಧೂಳೇ ಮತ್ತೆ ಏಳುವುದು. ಮರಳನ್ನು ಗಾಳಿಯ ಒತ್ತಡದಿಂದ ಚಿಮ್ಮಿಸಿ ಎರಕವನ್ನು ತೊಳೆಯುವ ಪದ್ಧತಿಯನ್ನು ಬ್ರಿಟನ್ನಿನವರು 1949ರ ನಿಯಮಗಳಿಂದಲೇ ನಿಷೇಧಿಸಿದರು. ನೀರು ಚಿಮುಕಿಸುವುದು, ಧೂಳನ್ನು ಹುಟ್ಟಿದಲ್ಲಿಯೇ ಯಂತ್ರದಿಂದ ಹೀರಿ ಹೊರಹಾಕುವುದು, ಇವು ನಿಜವಾದ ರಕ್ಷಣೆ. ಮೂಗಿಗೆ ಕಟ್ಟಿದ ಕರವಸ್ತ್ರದ ಎಳೆಗಳ ನಡುವೆ ಆ ಕಣಗಳು ಸಲೀಸಾಗಿ ನುಸುಳುವುವು. ಇನ್ನು ಬೆಲ್ಲ! ಧೂಳಿನ ಕೆಲಸದವರಿಗೆ ಬೆಲ್ಲ ಹಂಚುವ ವಾಡಿಕೆಯುಂಟು. ತಿಂದ ಬೆಲ್ಲವು ಹೊಟ್ಟೆಗೆ ಹೋಗುವುದೇ ಹೊರತು ಗಾಳಿಗೂಡಿನಲ್ಲಿ ಹೂತ ಕಲ್ಲುಪುಡಿಯನ್ನು ಎತ್ತಿ ತರಲಾರದು. ಚಹದೊಂದಿಗೆ ಬೆಲ್ಲ ಕೊಡುವವರು ಕೊಡಲಿ, ಔಷಧವೆಂದು ಕೊಡಬಾರದು.

ಕ್ಷ-ಕಿರಣದ ಚಿತ್ರದಲ್ಲಿ ಸಿಲಿಕೋಸಿಸ್ಸಿನ ಗಂಟುಗಳು ಕೆಲವು ವೇಳೆ ಕ್ಷಯದಂತೆಯೇ ತೋರುವುವು. ಅದರ ಮೇಲೆ ಸಿಲಿಕೋಸಿಸ್ ಇದ್ದವರಿಗೆ ನಿಜವಾದ ಕ್ಷಯವೂ ಸುಲಭವಾಗಿ ತಗಲುವುದರಿಂದ ಗೊಂದಲವು ಇಮ್ಮಡಿಯಾಗುವುದು. ಆದುದರಿಂದ ಕಫದ ಪರೀಕ್ಷೆಯನ್ನು ಬಿಡತಕ್ಕುದಲ್ಲ. ಆದರೆ ಕಫದಲ್ಲಿ ರೋಗಾಣು ಕಾಣದೆ, ತಿಂಗಳುಗಟ್ಟಲೆ ಮಾತ್ರೆ ನುಂಗಿದರೂ ಏದುಸಿರು ನಿಲ್ಲದಿದ್ದರೆ, ವೈದ್ಯರಿಗೆ ತಿಳಿಯಬೇಕಾದುದು ಒಂದೇ: ಈತನು ಎಷ್ಟು ವರ್ಷ, ಯಾವ ಧೂಳಿನಲ್ಲಿ ದುಡಿದನು? ಕೇಳದಿದ್ದರೆ ತಾನಾಗಿಯೇ ಹೇಳಬೇಕು. ಕಲೆಗಟ್ಟಿದ ಶ್ವಾಸಕೋಶವನ್ನು ಮೊದಲಿನಂತೆ ಮಾಡುವ ಮದ್ದಿಲ್ಲ. ಬೇಗ ತಿಳಿದರೆ ಧೂಳಿನಿಂದ ದೂರ ಸರಿಯಲಾದರೂ ಸಾಧ್ಯ.

ಇಲ್ಲಿ ನಮ್ಮ ಗುಮಾಸ್ತ ಬಾಂಧವರ ಕೆಲಸವಿದೆ. ಸಿಲಿಕೋಸಿಸ್ ಕಾನೂನು ಒಪ್ಪಿದ ವೃತ್ತಿರೋಗ, ಪರಿಹಾರಕ್ಕೆ ಅವಕಾಶವುಂಟು. ಆದರೆ ಗುತ್ತಿಗೆಯ ಕೂಲಿಯು ಹತ್ತು ವರ್ಷ ದುಡಿದಿದ್ದರೂ ಹಾಜರಿ ಪುಸ್ತಕದಲ್ಲಿ ಅವನ ಗುರುತಿಲ್ಲದಿದ್ದರೆ ಅರ್ಜಿಗೆ ಬಲವೆಲ್ಲಿಯದು? ಹಾಜರಿ ಬರೆಯುವವರು ಬರಿಯ ‘ಕೂಲಿ’ ಎಂದು ಬರೆಯದೆ, ಯಾವ ಶೆಡ್ಡು, ಯಾವ ಕೆಲಸ, ಎಂದಿನಿಂದ ಎಂಬುದನ್ನು ಬರೆಯಲಿ. ಗಲ್ಲೆಯಲ್ಲಿರುವವರು ಆ ಕೆಮ್ಮುವ ಗಿರಾಕಿಗೆ ಹಳೆಯ ಕ್ಷ-ಕಿರಣದ ಚಿತ್ರಗಳನ್ನೂ ಸಂಬಳದ ಚೀಟಿಗಳನ್ನೂ ಎಸೆಯದಿರೆಂದು ಹೇಳಲಿ, ಲೋಟವನ್ನು ಬೇರೆ ಇಡುವ ಬದಲು.