ಕೊಂಡ ನಾಯಿಮರಿಗೆ ಕಾಯಿಲೆ: ಕಾನೂನು ಏನು ಹೇಳುತ್ತದೆ?

ಮಕ್ಕಳ ಹಟಕ್ಕೆ ನಾಯಿಮರಿ ತಂದಿರುತ್ತೀರಿ. ಎರಡೇ ದಿನಕ್ಕೆ ವಾಂತಿ, ರಕ್ತಭೇದಿ. ಮಾರಿದವರು "ನಮ್ಮಲ್ಲಿದ್ದಾಗ ಚೆನ್ನಾಗಿತ್ತು" ಎನ್ನುತ್ತಾರೆ. ಆದರೆ ಇಂಥ ಲಕ್ಷಣದ ಪಾರ್ವೊ ರೋಗ ಸಾಮಾನ್ಯವಾಗಿ ಸೋಂಕು ತಗುಲಿದ ಮೂರರಿಂದ ಏಳು ದಿನಕ್ಕೆ ಕಾಣಿಸಿಕೊಳ್ಳುತ್ತದೆ. ಅಂದರೆ ಸೋಂಕು ಅಲ್ಲಿಂದಲೇ ಬಂದಿರುವ ಸಂಭವ ಹೆಚ್ಚು. ಮೊದಲು ಚಿಕಿತ್ಸೆ ಕೊಡಿಸಿ, ಪಶುವೈದ್ಯರಿಂದ ದಿನಾಂಕ ಸಹಿತ ವರದಿ ಪಡೆಯಿರಿ.

ಜೀವವನ್ನು ಸರಕು ಎನ್ನಲು ನಮಗೆ ಮನಸ್ಸು ಒಪ್ಪದು. ಆದರೂ ಗ್ರಾಹಕ ಕಾನೂನಿನ ರಕ್ಷಣೆ ಸಿಗುವುದು ಆ ಲೆಕ್ಕದಲ್ಲೇ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಂತೆ ಬಿಲ್ ಕೊಡದಿರುವುದು ಅನುಚಿತ ವ್ಯಾಪಾರ. ದೋಷವಿರುವ ಸರಕನ್ನು ಬಿಲ್ಲಿನಲ್ಲಿ ಬರೆದ ಅವಧಿಯಲ್ಲಿ, ಬರೆಯದಿದ್ದರೆ 30 ದಿನಗಳಲ್ಲಿ, ವಾಪಸು ಪಡೆದು ಹಣ ಕೊಡಲು ಒಪ್ಪದಿರುವುದೂ ಅಷ್ಟೆ. ನಾನೂ ಅಂಗಡಿಯವನೇ; "ಮಾರಿದ ಮಾಲು ವಾಪಸಿಲ್ಲ" ಎಂಬ ಬೋರ್ಡು ಇದರ ಮುಂದೆ ನಡೆಯುವುದಿಲ್ಲ. ಹಿಂದಿರುಗಿಸಿದರೆ ಮರಿಯ ಗತಿಯೇನು ಎಂಬ ಚಿಂತೆಯಿದ್ದರೆ ಇಟ್ಟುಕೊಂಡೇ ಚಿಕಿತ್ಸೆಯ ಖರ್ಚಿಗೆ ಪರಿಹಾರ ಕೇಳಬಹುದು.

2017ರ ಕೇಂದ್ರ ನಿಯಮಗಳಂತೆ ತಳಿಗಾರರು ನೋಂದಣಿ ಮಾಡಿಸಿರಬೇಕು, ಎಂಟು ವಾರ ತುಂಬದ ಮರಿ ಮಾರುವಂತಿಲ್ಲ. ಕೊಳ್ಳುವಾಗಲೇ ನೋಂದಣಿ ಪತ್ರ, ಲಸಿಕೆ ದಾಖಲೆ ಕೇಳಿ.

ಬೇರೆ ಊರಿನಲ್ಲಿ ಕೊಂಡಿದ್ದರೂ ನಿಮ್ಮ ಜಿಲ್ಲೆಯ ಗ್ರಾಹಕ ಆಯೋಗದಲ್ಲೇ ಎರಡು ವರ್ಷದೊಳಗೆ ದೂರು ಕೊಡಬಹುದು. ಕೊಟ್ಟ ಬೆಲೆ 5 ಲಕ್ಷದೊಳಗಿದ್ದರೆ ಶುಲ್ಕವಿಲ್ಲ, ವಕೀಲರೂ ಕಡ್ಡಾಯವಲ್ಲ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ: 1915.